ಜೂನ್‌ನಲ್ಲಿ ಮೂರು ವಾರ ಬದಿಯಡ್ಕಕ್ಕೆ: ಮುಖಕ್ಕೆ, ತಲೆಗೆ ಏನೇನು ಕಟ್ಟಿಕೊಂಡು ಹೋಗಲಿ?

ಜತ್ತದ ಅಕ್ಕ (ಮೇ 24)

ಎಲ್ಲರಿಗೂ ನಮಸ್ಕಾರ ರೀ. ನಾವು ಜತ್ತದವರು, ಸಾಂಗ್ಲಿ ಜಿಲ್ಲೆ. ತಂಗಿಯನ್ನು ಕೊಟ್ಟಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಅವಳಿಗೆ ಈಗ ಏಳು ತಿಂಗಳು. ಡಾಕ್ಟರು ಜಾಸ್ತಿ ಓಡಾಡಬೇಡಿ, ದೂರದ ಪ್ರಯಾಣ ಬೇಡ ಅಂದಿದ್ದಾರೆ. ತವರಿಗೆ ಕರೆತರಲು ಆಗುವುದಿಲ್ಲ, ಅದಕ್ಕೆ ನಾನೇ ಜೂನ್ 8ಕ್ಕೆ ಹೊರಟು ಮೂರು ವಾರ ಅಲ್ಲಿ ಇರುತ್ತೇನೆ. ಹನ್ನೆರಡನೇ ತರಗತಿ ಮುಗಿಸಿದ ಮಗಳೂ ಬರುತ್ತಾಳೆ.

ಹೋದ ವರ್ಷ ಮೇ ತಿಂಗಳಲ್ಲಿ ಐದೇ ದಿನ ಹೋಗಿದ್ದೆವು. ಅಷ್ಟಕ್ಕೇ ಸಾಕುಸಾಕಾಯಿತು. ಮನೆಯಲ್ಲಿ ಹಚ್ಚುವ ದಪ್ಪ ಕೋಲ್ಡ್ ಕ್ರೀಮನ್ನೇ ಅಲ್ಲೂ ಹಚ್ಚಿದೆ, ಎರಡನೇ ದಿನಕ್ಕೆ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ. ನನ್ನ ಕೂದಲು ಸೊಂಟದವರೆಗೆ ಇದೆ, ಬೆಳಗ್ಗೆ ತಲೆಸ್ನಾನ ಮಾಡಿ ಜಡೆ ಹಾಕಿದರೆ ಸಂಜೆ ಬಿಚ್ಚುವಾಗ ಒಳಗೆ ಇನ್ನೂ ಹಸಿ, ಮುಗ್ಗಲು ವಾಸನೆ ಬೇರೆ. ಮಗಳ ಕೂದಲು ಗುಂಗುರು, ಅದು ಬುಟ್ಟಿಯ ಹಾಗೆ ಎದ್ದು ನಿಂತಿತ್ತು. ಸೋಪು ಎಷ್ಟು ತೊಳೆದರೂ ಮೈ ಜಾರುತ್ತಲೇ ಇತ್ತು, ಅದು ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೋಗುವಾಗ ಬಸ್ಸಿನಲ್ಲಿ ಹರಳೆಣ್ಣೆ ಬಾಟಲಿ ಸೋರಿ ತಂಗಿಗೆ ಅಂತ ತೆಗೆದಿಟ್ಟ ಇಳಕಲ್ ಸೀರೆಯ ಸೆರಗು ಹಾಳಾಯಿತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮಳೆಗಾಲ. ಕ್ರೀಮ್ ಬೇಕಾ, ಬೇಡವಾ? ತಲೆಗೆ ಎಣ್ಣೆ ಹಚ್ಚಬಹುದಾ? ಮಳೆಯಲ್ಲೂ ಸನ್‌ಸ್ಕ್ರೀನ್ ಬೇಕಾ? ಅಲ್ಲಿನವರು ಹೇಳಿದರೆ ಉಪಕಾರ ಆಗುತ್ತದೆ.

ಕುಂಬಳೆ ಕಡಲು

ಅಕ್ಕ, ಮೊದಲು ಆ ಕೋಲ್ಡ್ ಕ್ರೀಮ್ ಡಬ್ಬಿಯನ್ನು ಜತ್ತದಲ್ಲೇ ಬಿಟ್ಟು ಬನ್ನಿ. ಅರ್ಧ ತೊಂದರೆ ಅಲ್ಲಿಗೇ ಮುಗಿಯಿತು.

ನಿಮ್ಮಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಗಾಳಿಗೆ ಆರಿ ಹೋಗುತ್ತದೆ. ನಮ್ಮಲ್ಲಿ ಗಾಳಿಯಲ್ಲೇ ನೀರು ತುಂಬಿರುತ್ತದೆ, ಬೆವರು ಆರುವುದು ಎಲ್ಲಿಗೆ? ಮೈ ಮೇಲೇ ನಿಲ್ಲುತ್ತದೆ. ಅದರ ಮೇಲೆ ದಪ್ಪ ಕ್ರೀಮ್ ಬಳಿದರೆ ಬೆವರು ಹೊರಗೆ ಬರುವ ದಾರಿ ಮುಚ್ಚಿ ಸಾಲೆ ಏಳುತ್ತದೆ. ನಮ್ಮ ಜಿಲ್ಲೆಗೆ ವರ್ಷಕ್ಕೆ ಹತ್ತಿರ ಹತ್ತಿರ 3500 ಮಿಲಿಮೀಟರ್ ಮಳೆ, ಅದರಲ್ಲಿ ಮುಕ್ಕಾಲು ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನೀವು ಬರುವ ಹೊತ್ತಿಗೆ ಮಳೆ ಹಿಡಿದಿರುತ್ತದೆ, ಮೇ ತಿಂಗಳಿನ ಉರಿ ಇರುವುದಿಲ್ಲ, ಆದರೆ ತೇವ ಇನ್ನೂ ಜಾಸ್ತಿ.

ಮುಖಕ್ಕೆ ಜೆಲ್ ತರಹದ ತೆಳು ಮಾಯಿಶ್ಚರೈಸರ್ ಒಂದು ಸಾಕು. ಅದೂ ರಾತ್ರಿ ಮಲಗುವಾಗ ಒಂದು ಕಡಲೆ ಗಾತ್ರದಷ್ಟು. ಹಗಲು ಏನೂ ಬೇಡ.

ಹೊಸೂರು ರಾಯಕೋಟೆ ರೋಡ್

ತಲೆಗೆ ಎಣ್ಣೆ ಮುಟ್ಟಲೇಬೇಡಿ. ಹಚ್ಚಿದರೆ ಹೊಟ್ಟು ಗ್ಯಾರಂಟಿ.

ಮುಳ್ಳೇರಿಯ ತೆಂಗು

ಹೊಸೂರಿನವರೇ, ಎಂತ ಹೇಳ್ತಿದ್ದೀರಿ ಮಾರಾಯ್ರೆ? ತೆಂಗಿನೆಣ್ಣೆ ಹಚ್ಚದ ತಲೆ ನಮ್ಮ ಊರಲ್ಲಿ ಹುಡುಕಿದರೂ ಸಿಗಲಿಕ್ಕಿಲ್ಲ. ನನ್ನ ಅಜ್ಜಿಗೆ 84 ವರ್ಷ, ದಿನಾ ಎಣ್ಣೆ ಹಚ್ಚಿಯೇ ಸ್ನಾನ, ಇವತ್ತಿಗೂ ಮುಷ್ಟಿ ತುಂಬ ಕೂದಲು. ತೇವದ ಊರಿಗೆ ಎಣ್ಣೆ ಆಗುವುದಿಲ್ಲ ಅಂತಾದರೆ ಕಾಸರಗೋಡಿನವರೆಲ್ಲ ಬೋಳು ತಲೆಯವರಾಗಬೇಕಿತ್ತು.

ಹೊಸೂರು ರಾಯಕೋಟೆ ರೋಡ್

ನಾನು ಸುಮ್ನೆ ಹೇಳಿದ್ದಲ್ಲ. ಎರಡು ವರ್ಷ ಚೆನ್ನೈನಲ್ಲಿ ಕೆಲಸದಲ್ಲಿದ್ದೆ. ಹೊಸೂರಿನ ತಂಪು ಹವೆಯಲ್ಲಿ ಇದ್ದ ಹಾಗೆ ಅಲ್ಲೂ ವಾರಪೂರ್ತಿ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಆಫೀಸಿಗೆ ಹೋಗುತ್ತಿದ್ದೆ. ಎರಡು ತಿಂಗಳಲ್ಲಿ ಹುಬ್ಬಿನಲ್ಲೂ ಹೊಟ್ಟು, ಹಣೆ ಅಂಚಿಗೆ ಸಣ್ಣ ಗುಳ್ಳೆ. ಎಣ್ಣೆ ಬಿಟ್ಟ ಮೇಲೆ ಕಡಿಮೆಯಾಯಿತು. ನನಗೆ ಆದದ್ದನ್ನು ಹೇಳಿದ್ದೇನೆ.

ಪೆರ್ಲ ನರ್ಸ್

ಇಬ್ಬರದೂ ಸರಿ, ಇಬ್ಬರೂ ಅರ್ಧ ಹೇಳಿದ್ದೀರಿ. ಅಜ್ಜಿ ಎಣ್ಣೆ ಹಚ್ಚುವುದು ಸ್ನಾನಕ್ಕೆ ಮುಂಚೆ, ಮತ್ತೆ ತೊಳೆದು ತೆಗೆಯುತ್ತಾರೆ. ಹೊಸೂರಿನವರು ಹಚ್ಚಿದ್ದು ಸ್ನಾನ ಆದ ಮೇಲೆ, ಹಾಗೇ ಬಿಟ್ಟದ್ದು. ವ್ಯತ್ಯಾಸ ಇರುವುದೇ ಇಲ್ಲಿ.

ತಲೆಯಲ್ಲಿ ಎಲ್ಲರಿಗೂ ಮಲಸೀಸಿಯ ಅನ್ನುವ ಒಂದು ಬಗೆಯ ಬೂಷ್ಟು ಇರುತ್ತದೆ. ಅದಕ್ಕೆ ಆಹಾರವೇ ಎಣ್ಣೆ ಜಿಡ್ಡು. ಸೆಕೆ, ತೇವ, ಜಿಡ್ಡು ಮೂರೂ ಸೇರಿದರೆ ಅದು ಬೆಳೆದು ಹೊಟ್ಟು, ತುರಿಕೆ ಶುರು. ಹಾಗಂತ ತೆಂಗಿನೆಣ್ಣೆ ಕೆಟ್ಟದ್ದಲ್ಲ. ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ ಮೂರನ್ನೂ ಹೋಲಿಸಿ ನೋಡಿದ ಒಂದು ಅಧ್ಯಯನ 2003ರಲ್ಲಿ ಬಂದಿತ್ತು, ತೊಳೆಯುವಾಗ ಕೂದಲಿನ ಪ್ರೋಟೀನ್ ಹೋಗದ ಹಾಗೆ ತಡೆದದ್ದು ತೆಂಗಿನೆಣ್ಣೆ ಒಂದೇ. ಅದು ಕೂದಲಿನ ಒಳಗೆ ಇಳಿಯುತ್ತದೆ, ಉಳಿದವು ಮೇಲೇ ನಿಲ್ಲುತ್ತವೆ.

ಹಾಗಾಗಿ ಅಕ್ಕ, ತಲೆಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಕೂದಲಿನ ಉದ್ದಕ್ಕೆ, ತುದಿಗೆ ತೆಂಗಿನೆಣ್ಣೆ ಹಚ್ಚಿ. ನೆತ್ತಿಗೆ ಸ್ವಲ್ಪವೇ ಸಾಕು. ಆಮೇಲೆ ತೊಳೆದು ತೆಗೆಯಿರಿ. ಹರಳೆಣ್ಣೆ ಮಾತ್ರ ಬೇಡ, ಅದು ತುಂಬ ಮಂದ, ಇಲ್ಲಿ ತೊಳೆದು ತೆಗೆಯುವಾಗ ಶಾಂಪೂ ಎರಡು ಪಟ್ಟು ಬೇಕಾಗುತ್ತದೆ. ತುರಿಕೆ ಶುರುವಾದರೆ ಕೀಟೋಕೊನಜೋಲ್ 2% ಶಾಂಪೂ ವಾರಕ್ಕೆ ಎರಡು ಸಲ, ನೆತ್ತಿಗೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ಕೂಡಲೇ ತೊಳೆದರೆ ದುಡ್ಡು ದಂಡ. ಇದು ನಿಮಗೆ, ಮಗಳಿಗೆ. ತಂಗಿ ಅವಳ ಡಾಕ್ಟರನ್ನು ಕೇಳದೆ ಯಾವುದನ್ನೂ ಬಳಸುವುದು ಬೇಡ.

ಜತ್ತದ ಅಕ್ಕ

ಎಷ್ಟು ಬಿಡಿಸಿ ಹೇಳಿದಿರಿ ಅಕ್ಕಾ, ದೊಡ್ಡ ಉಪಕಾರ. ನಾನು ಹೋದ ಸಲ ಮಾಡಿದ್ದು ಇದೇ ತಪ್ಪು, ತೊಳೆದ ಮೇಲೆ ಹರಳೆಣ್ಣೆ ಹಚ್ಚಿ ಗಟ್ಟಿಯಾಗಿ ಜಡೆ ಹಾಕಿದ್ದೆ. ನಮ್ಮಲ್ಲಿ ಹಾಗೆ ಹಚ್ಚದಿದ್ದರೆ ಕೂದಲು ಕಡ್ಡಿ ಕಡ್ಡಿ ಆಗುತ್ತದೆ. ಇನ್ನೊಂದು: ಮಗಳು ಮೊಡವೆಗೆ ಅಡಾಪಲೀನ್ ಜೆಲ್ ಹಚ್ಚುತ್ತಾಳೆ. ತರಬಹುದಾ?

ಪೆರ್ಲ ನರ್ಸ್

ಮಗಳು ಹಚ್ಚಲಿ, ಆದರೆ ಆ ಟ್ಯೂಬು ಅವಳ ಚೀಲದಲ್ಲೇ ಇರಲಿ. ಬಚ್ಚಲಿನ ಕಪಾಟಿನಲ್ಲಿ ಎಲ್ಲರ ಸಾಮಾನಿನ ಜೊತೆ ಇಡಬೇಡಿ. ಅಡಾಪಲೀನ್, ರೆಟಿನಾಲ್ ಇರುವ ಯಾವುದನ್ನೂ ಬಸುರಿಯರು ಹಚ್ಚಬಾರದು. ನಿಮ್ಮ ತಂಗಿ ಇದೇನೋ ಹೊಸ ಕ್ರೀಮು ಅಂತ ಬೆರಳಿಗೆ ತೆಗೆದುಕೊಂಡು ಬಿಟ್ಟರೆ? ಇದನ್ನು ಮರೆಯಬೇಡಿ.

ನೀರ್ಚಾಲು ಸುರಂಗ

ಸೋಪು ಜಾರುತ್ತಲೇ ಇತ್ತು ಅಂದಿರಲ್ಲ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅದು ನೀರಿನ ಗುಣ.

ನಿಮ್ಮದು ಬೋರ್‌ವೆಲ್ ಗಡಸು ನೀರು. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಸೋಪಿನ ಜೊತೆ ಸೇರಿ ಬಿಳಿ ಕೆನೆ ಕಟ್ಟುತ್ತದೆ, ನೊರೆ ಬರುವುದಿಲ್ಲ, ತೊಳೆದರೆ ಮೈ ಕಿರ್ ಅನ್ನುತ್ತದೆ. ಬಕೆಟ್ಟಿನ ಅಂಚಿಗೆ ಬಿಳಿ ಗೆರೆ ಕೂರುತ್ತದೆ ಅಲ್ವಾ? ನಮ್ಮದು ಮುರಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ನೀರು. ಮಳೆ ನೀರು ಮುರಕಲ್ಲಿನಲ್ಲಿ ಇಳಿದು ಬರುವಾಗ ಸುಣ್ಣದಂಶ ಸಿಗುವುದೇ ಕಡಿಮೆ. ಮೆದು ನೀರು. ಒಂದು ಚೂರು ಸೋಪಿಗೆ ಬೊಗಸೆ ನೊರೆ. ನೀವು ಊರಿನಲ್ಲಿ ಹಾಕುವಷ್ಟೇ ಹಾಕಿದರೆ ಜಾರದೆ ಇನ್ನೇನು?

ಶಾಂಪೂ ಅರ್ಧಕ್ಕೆ ಇಳಿಸಿ. ಮೂರು ವಾರಕ್ಕೆ ನಿಮ್ಮಿಬ್ಬರಿಗೆ ಸಣ್ಣ ಬಾಟಲಿ ಒಂದು ಧಾರಾಳ. ಕಂಡೀಷನರ್ ಕೂಡ ತುದಿಗೆ ಮಾತ್ರ.

ಹಾಗೇ ಒಂದು ಮಾತು. ತಂಗಿಯ ಮನೆ ಗುಡ್ಡದ ಬದಿಗೆ ಇದ್ದರೆ ಸುರಂಗ ಇದೆಯಾ ಕೇಳಿ. ಗುಡ್ಡಕ್ಕೆ ಅಡ್ಡಡ್ಡ ಕೊರೆದ ನೀರಿನ ಸುರಂಗಗಳು ನಮ್ಮ ಕಡೆ ತುಂಬ ಉಂಟು, ಬಾಯಾರು, ಶೇಣಿ ಎಲ್ಲ ಕಡೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬಂದು ತೊಟ್ಟಿಗೆ ಬೀಳುತ್ತದೆ. ಆ ನೀರಿನಲ್ಲಿ ಒಂದು ಸಲ ತಲೆ ತೊಳೆದು ನೋಡಿ ಅಕ್ಕ.

ಮಡಕಶಿರಾ ಮಣ್ಣು

ಮೆದು ನೀರಂತೆ, ತಾನಾಗಿ ಹರಿಯುತ್ತದಂತೆ! ನಮ್ಮಲ್ಲಿ ಎಂಟುನೂರು ಅಡಿ ಕೊರೆದರೂ ಬರುವುದು ಉಪ್ಪು ನೀರು. ಓದಿ ಆಸೆಯಾಯಿತು.

ಅಕ್ಕಲಕೋಟೆ ಮಾಸ್ತರು

ತಂಗೆವ್ವಾ, ಸೀರೆ ಹಾಳಾದ ವಿಷಯಕ್ಕೆ ಬರುತ್ತೇನೆ. ನಾನು ವರ್ಷಕ್ಕೆ ಎರಡು ಸಲ ಮಂಗಳೂರಿಗೆ ಹೋಗುವವನು. ಬಾಟಲಿ ಸೋರುವುದಕ್ಕೆ ಕಾರಣ ಮುಚ್ಚಳ ಸಡಿಲ ಇರುವುದಷ್ಟೇ ಅಲ್ಲ. ನಮ್ಮ ಊರು ಎತ್ತರದಲ್ಲಿದೆ, ಮಂಗಳೂರು ಕಡಲ ಮಟ್ಟದಲ್ಲಿದೆ. ಘಾಟಿ ಇಳಿಯುವಾಗ ಗಾಳಿಯ ಒತ್ತಡ ಬದಲಾಗಿ ಮೆತ್ತನೆ ಬಾಟಲಿ ಒಳಕ್ಕೆ ತಗ್ಗುತ್ತದೆ, ಹತ್ತುವಾಗ ಉಬ್ಬುತ್ತದೆ. ಅದರ ಮೇಲೆ ಬಿಸಿಲಿಗೆ ಕಾದ ಡಿಕ್ಕಿ, ತಿರುವುಗಳಲ್ಲಿ ಅಲುಗಾಟ. ಎಣ್ಣೆಗೆ ಇಷ್ಟು ಸಾಕು.

ನಾನು ಮಾಡುವುದು ಹೀಗೆ. ಬಾಟಲಿ ತುಂಬ ತುಂಬಿಸುವುದಿಲ್ಲ. ಮುಚ್ಚಳ ತೆಗೆದು ಬಾಯಿಗೆ ಹಾಲಿನ ಪ್ಯಾಕೆಟ್ಟಿನ ಚೌಕದ ತುಂಡೊಂದನ್ನು ಹಾಕಿ, ಅದರ ಮೇಲೆ ಮುಚ್ಚಳ ಬಿಗಿಯುತ್ತೇನೆ. ಹಾಲಿನ ಪ್ಯಾಕೆಟ್ಟು ಗಟ್ಟಿ, ಹರಿಯುವುದಿಲ್ಲ. ಆಮೇಲೆ ಬಾಟಲಿಯನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಂದಿಗೆ ಹಳೇ ಬಟ್ಟೆ ತುರುಕುತ್ತೇನೆ. ಡಬ್ಬಿ ಕಾಲ ಹತ್ತಿರ, ಬಟ್ಟೆಯ ಚೀಲ ಮೇಲೆ. ಎರಡೂ ಬೇರೆ ಬೇರೆ. ಏಳು ವರ್ಷದಲ್ಲಿ ಒಂದು ಹನಿ ಸೋರಿಲ್ಲ.

ಮುಳ್ಳೇರಿಯ ತೆಂಗು

ಎಣ್ಣೆ ಹೊತ್ತುಕೊಂಡು ತೆಂಗಿನ ಊರಿಗೆ ಬರುವುದು ಯಾಕೆ ಅಂತ ನನ್ನ ಪ್ರಶ್ನೆ. ಇಲ್ಲಿ ಗಾಣಕ್ಕೆ ಹೋದರೆ ಬಿಸಿ ಬಿಸಿ ಎಣ್ಣೆ ಸಿಗುತ್ತದೆ. ಕಾಸರಗೋಡಿನಲ್ಲಿ ಸಿಪಿಸಿಆರ್‌ಐ (ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ) ಉಂಟು, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ತೆಂಗಿನ ಹಾಲು ಕಾಯಿಸಿ ತೆಗೆಯುವ ಎಣ್ಣೆಯನ್ನು ಮಲಯಾಳದಲ್ಲಿ ಉರುಕ್ಕು ವೆಳಿಚ್ಚೆಣ್ಣ ಅನ್ನುತ್ತಾರೆ, ಹುಟ್ಟಿದ ಮಗುವಿಗೆ ಹಚ್ಚುವುದೇ ಅದನ್ನು. ತಂಗಿಯ ಅತ್ತೆ ಈಗಲೇ ಮಾಡಿಡಲು ಹೊರಟಿರಬಹುದು, ಕೇಳಿ ನೋಡಿ.

ಜತ್ತದ ಅಕ್ಕ

ಹೌದು ರೀ! ಮಾಡುತ್ತೇವೆ ಅಂದಿದ್ದರು ಅತ್ತೆ. ನಮ್ಮಲ್ಲಿ ಡಿಸೆಂಬರ್‌ನಲ್ಲಿ ಎಣ್ಣೆ ಬಾಟಲಿ ಬಿಸಿಲಿಗೆ ಇಟ್ಟು ಕರಗಿಸಬೇಕು, ಅಲ್ಲಿ ಯಾವಾಗಲೂ ನೀರಿನ ಹಾಗೆ ಇರುತ್ತದೆ ಅಂತ ತಂಗಿ ಹೇಳುತ್ತಿದ್ದಳು.

ನೀರ್ಚಾಲು ಸುರಂಗ

24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಇಲ್ಲಿ ಅಷ್ಟು ಚಳಿ ಅಪರೂಪ.

ದುಬೈ ಬಂದ್ಯೋಡು

ವಿಮಾನದಲ್ಲಿ ಹೋಗುವವರಿಗೂ ಒಂದು ಮಾತು ಸೇರಿಸುತ್ತೇನೆ. ಮಂಗಳೂರಿನಿಂದ ಗಲ್ಫಿಗೆ ಹೊರಡುವಾಗ ಕೈಚೀಲದಲ್ಲಿ ಎಣ್ಣೆ, ಶಾಂಪೂ, ಕ್ರೀಮ್ ಯಾವುದೇ ಇರಲಿ, ಒಂದೊಂದು 100 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಇರಬಾರದು. ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. 200 ಮಿಲಿ ಬಾಟಲಿಯಲ್ಲಿ ಕಾಲು ಭಾಗವೇ ಎಣ್ಣೆ ಇದೆ ಅಂದರೂ ಬಿಡುವುದಿಲ್ಲ, ಅವರು ನೋಡುವುದು ಬಾಟಲಿಯ ಅಳತೆ. ಮತ್ತೆ ಒಣ ಕೊಬ್ಬರಿ ಚೆಕ್-ಇನ್ ಸಾಮಾನಿನಲ್ಲೂ ಇಡಬಾರದು ಅಂತ 2022ರಿಂದ ನಿಯಮ. ಎಣ್ಣೆಯಂಶ ಜಾಸ್ತಿ, ಬೆಂಕಿ ಹಿಡಿಯುತ್ತದೆ ಅಂತ.

ಇಲ್ಲಿ ಆಗಸ್ಟಿನಲ್ಲಿ ಊರಿಗಿಂತಲೂ ಕಷ್ಟ. ರೂಮಿನೊಳಗೆ ಎಸಿಯಿಂದ ಚರ್ಮ ಒಣಗುತ್ತದೆ, ಹೊರಗೆ ಕಾಲಿಟ್ಟರೆ ಕನ್ನಡಕದ ಮೇಲೆ ಆವಿ ಕೂರುತ್ತದೆ.

ಅಕ್ಕಲಕೋಟೆ ಮಾಸ್ತರು

ಅವರು ಬಸ್ಸಿನಲ್ಲಿ ಹೋಗುವವರು ತಮ್ಮಾ. ಆದರೂ ಕೊಬ್ಬರಿ ವಿಷಯ ಗೊತ್ತಿರಲಿಲ್ಲ, ಒಳ್ಳೆಯದಾಯಿತು.

ಆದೋನಿ ಹತ್ತಿ

ಸನ್‌ಸ್ಕ್ರೀನ್ ಬಗ್ಗೆ ಯಾರೂ ಮಾತಾಡಿಲ್ಲ. ಮಳೆಯಲ್ಲಿ ಏನು ಸನ್‌ಸ್ಕ್ರೀನ್, ಬಿಡಿ ಅಕ್ಕ. ಸುಮ್ನೆ ಖರ್ಚು. ಬಿಸಿಲೇ ಇಲ್ಲದ ಕಡೆ ಬಿಸಿಲಿನ ಕ್ರೀಮು ಯಾಕೆ?

ಮಂಜೇಶ್ವರ ಗಿಳಿವಿಂಡು

ತಪ್ಪು. ತೆಳು ಮೋಡ ಇದ್ದರೆ ಅತಿನೇರಳೆ ಕಿರಣದ ಬಹುಪಾಲು ಇಳಿದೇ ಇಳಿಯುತ್ತದೆ. ನಮ್ಮಲ್ಲಿ ಮಳೆ ಬಿಟ್ಟ ಒಂದು ಗಂಟೆಯ ಬಿಸಿಲು ಎಷ್ಟು ಚುರುಕು ಅಂತ ಇಲ್ಲಿನವರನ್ನು ಕೇಳಿ. ನನ್ನ ಮೂಗಿನ ಮೇಲಿನ ಕಪ್ಪು ಕಲೆ ಬಂದದ್ದು ಜುಲೈ ತಿಂಗಳಲ್ಲಿ, ಶಾಲೆಗೆ ನಡೆದು ಹೋಗುವಾಗ. ಅದೂ ಮಗಳು ಅಡಾಪಲೀನ್ ಹಚ್ಚುತ್ತಾಳೆ ಅಂದರೆ ಅವಳ ಚರ್ಮಕ್ಕೆ ಬಿಸಿಲು ಇನ್ನೂ ಬೇಗ ತಾಗುತ್ತದೆ. ಅವಳಿಗಂತೂ ಬೇಕೇ ಬೇಕು.

ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು, ಮುಖಕ್ಕೂ ಕುತ್ತಿಗೆಗೂ ಸೇರಿ. ಹೊರಗೇ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ.

ಆದೋನಿ ಹತ್ತಿ

ದಿನಾ ಎರಡು ಬೆರಳು ಅಂದರೆ ಟ್ಯೂಬು ಎಷ್ಟು ದಿನ ಬಂದೀತು? ಎಸ್‌ಪಿಎಫ್ 50 ಬೆಲೆ ನೋಡಿದ್ದೀರಾ?

ಮಂಜೇಶ್ವರ ಗಿಳಿವಿಂಡು

50ರ ಹಿಂದೆ ಯಾಕೆ ಬೀಳಬೇಕು? ಎಸ್‌ಪಿಎಫ್ ಅಂದರೆ ಬಿಸಿಲಿನ ಸುಡುವ ಕಿರಣವನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ. 30 ಸುಮಾರು 97% ತಡೆದರೆ 50 ತಡೆಯುವುದು 98%. 30ರದ್ದನ್ನೇ ಸರಿಯಾಗಿ ಹಚ್ಚಿ. ದುಬಾರಿ ಟ್ಯೂಬನ್ನು ಚುಕ್ಕಿ ಚುಕ್ಕಿ ಇಟ್ಟರೆ ಏನು ಉಪಯೋಗ? ಜೆಲ್ ತರಹದ್ದು ತಗೊಳ್ಳಿ, ಕ್ರೀಮ್ ತರಹದ್ದು ಇಲ್ಲಿ ಬೆವರಿಗೆ ಬಿಳಿ ಬಿಳಿಯಾಗಿ ಕಣ್ಣಿಗೆ ಇಳಿಯುತ್ತದೆ, ಉರಿ ಉರಿ.

ಕುಂಬಳೆ ಕಡಲು

ಅಕ್ಕ ದಿನವಿಡೀ ತಂಗಿಯ ಹತ್ತಿರ ಮನೆಯೊಳಗೇ ಇರುವವರು. ಹೊರಗೆ ಹೋಗುವ ದಿನ ಹಚ್ಚಿದರೆ ಸಾಕು ಅಂತ ನನ್ನ ಲೆಕ್ಕ. ಇಲ್ಲದಿದ್ದರೆ ಕೊಡೆ ಉಂಟಲ್ಲ.

ಮಂಜೇಶ್ವರ ಗಿಳಿವಿಂಡು

ಅದು ಸರಿ, ಒಪ್ಪುತ್ತೇನೆ.

ಸೊಲ್ಲಾಪುರ ಚಾದರು

ಟಿಕಳಿ (ಹಣೆಬೊಟ್ಟು) ಮರೆಯಬೇಡಿ! ಸ್ಟಿಕರ್ ಟಿಕಳಿ ಅಲ್ಲಿ ನಿಲ್ಲುವುದಿಲ್ಲ. ನನ್ನದು ಮದುವೆ ಮನೆಯಲ್ಲಿ ಪಾಯಸದ ಎಲೆಗೆ ಬಿತ್ತು. ಬಿದ್ದ ಜಾಗದಲ್ಲಿ ಅಂಟಿನಿಂದ ತುರಿಕೆ ಆಗಿ ಬಿಳಿ ಚುಕ್ಕೆಯೂ ಉಳಿಯಿತು. ಕುಂಕುಮದ ಸಣ್ಣ ಡಬ್ಬಿ ತಗೊಂಡು ಹೋಗಿ.

ಕುಂಬಳೆ ಕಡಲು

ಈಗ ಮುಖ್ಯ ಸಾಮಾನಿಗೆ ಬರುತ್ತೇನೆ, ಯಾರೂ ಹೇಳದ್ದು. ಟವೆಲ್. ದಪ್ಪ ಟರ್ಕಿ ಟವೆಲ್ ತರಲೇಬೇಡಿ ಅಕ್ಕ. ಮಳೆಗಾಲದಲ್ಲಿ ಅದು ಮೂರು ದಿನವಾದರೂ ಒಣಗುವುದಿಲ್ಲ. ಒಣಗದ ಟವೆಲಿನಲ್ಲಿ ಮುಖ ಒರೆಸಿದರೆ ಎಷ್ಟು ಕ್ರೀಮ್ ಹಚ್ಚಿ ಏನು ಫಲ? ನಾವು ಬಳಸುವುದು ಬೈರಾಸು. ತೆಳು ಹತ್ತಿ ಬಟ್ಟೆ, ಕೇರಳದ ಕಡೆ ತೋರ್ತ್ ಅನ್ನುತ್ತಾರೆ. ಹಿಂಡಿ ಕೊಡವಿ ಫ್ಯಾನಿನ ಕೆಳಗೆ ಹಾಕಿದರೆ ಒಂದೆರಡು ಗಂಟೆಗೆ ಒಣಗುತ್ತದೆ.

ತಲೆ ಒಣಗಿಸುವುದೂ ಇದರಲ್ಲೇ. ತಿಕ್ಕಬಾರದು. ಬಗ್ಗಿ ಕೂದಲನ್ನೆಲ್ಲ ಮುಂದಕ್ಕೆ ಬಿಟ್ಟು, ಬೈರಾಸಿನಲ್ಲಿ ಸುತ್ತಿ ಹಿಂಡಿ. ಹತ್ತು ನಿಮಿಷ ಕಟ್ಟಿಡಿ, ಬಿಚ್ಚಿ, ಇನ್ನೊಂದು ಒಣ ಬೈರಾಸಿನಲ್ಲಿ ಮತ್ತೆ ಹಾಗೇ. ಎರಡನೆಯದರಲ್ಲಿ ಎಷ್ಟು ನೀರು ಬರುತ್ತದೆ ಅಂತ ನೋಡಿದರೆ ನಂಬಲಿಕ್ಕಿಲ್ಲ ನೀವು. ಆಮೇಲೆ ಫ್ಯಾನಿಗೆ ಬೆನ್ನು ಹಾಕಿ ಕೂತು ಬೆರಳಿನಲ್ಲೇ ಬಿಡಿಸಿ. ಬುಡ ಪೂರ್ತಿ ಒಣಗುವ ತನಕ ಜಡೆ ಹಾಕಬೇಡಿ. ತಲೆಸ್ನಾನ ಬೆಳಗ್ಗೆಯೇ ಮಾಡಿ, ರಾತ್ರಿ ಬೇಡ. ಹೇರ್ ಡ್ರೈಯರ್ ಇದ್ದರೆ ತನ್ನಿ, ತಣ್ಣನೆ ಗಾಳಿಯಲ್ಲಿ ಬುಡಕ್ಕೆ ಮಾತ್ರ, ಆದರೆ ಮಳೆಗಾಲದಲ್ಲಿ ಕರೆಂಟು ಇರುತ್ತದೆ ಅಂತ ನಂಬಬೇಡಿ.

ಮುಳ್ಳೇರಿಯ ತೆಂಗು

ತಲೆ ಒರೆಸಿ ಆದ ಮೇಲೆ ನೆತ್ತಿಗೆ ಒಂದು ಚಿಟಿಕೆ ರಾಸ್ನಾದಿ ಚೂರ್ಣ ತಿಕ್ಕುವುದು ಇಲ್ಲಿನ ರೂಢಿ, ಶೀತ ಆಗಬಾರದು ಅಂತ. ಆಯುರ್ವೇದದ ಅಂಗಡಿಯಲ್ಲೆಲ್ಲ ಸಿಗುತ್ತದೆ. ಮತ್ತೆ ಶಾಂಪೂ ಯಾಕೆ, ದಾಸವಾಳದ ಎಲೆಯ ಗೊಂಪು ಮಾಡಿ ಅಕ್ಕ. ಹತ್ತು ಹದಿನೈದು ಎಲೆ ನೀರಿನಲ್ಲಿ ಕಿವುಚಿದರೆ ಲೋಳೆ ಬರುತ್ತದೆ, ಸೋಸಿ ಹಚ್ಚಿ. ಬೇಲಿಯಲ್ಲೇ ಇರುತ್ತದೆ.

ಜತ್ತದ ಅಕ್ಕ

ನಮ್ಮ ಅವ್ವ ಎರೆಮಣ್ಣು ನೆನೆಸಿ ತಲೆ ತೊಳೆಯುತ್ತಿದ್ದಳು, ಕೂದಲು ರೇಷ್ಮೆ ಆಗುತ್ತಿತ್ತು. ನಿಮ್ಮದು ಎಲೆ, ನಮ್ಮದು ಮಣ್ಣು. ಗೊಂಪು ಮಾಡಿಯೇ ಮಾಡುತ್ತೇನೆ. ಮಗಳ ಗುಂಗುರು ಕೂದಲಿಗೆ ಏನು ಮಾಡಲಿ? ಸ್ಟ್ರೈಟ್ನರ್ ತರುತ್ತೇನೆ ಅಂತ ಹಟ ಹಿಡಿದಿದ್ದಾಳೆ.

ಹೊಸೂರು ರಾಯಕೋಟೆ ರೋಡ್

ಸ್ಟ್ರೈಟ್ನರ್ ದಂಡ. ಬಿಸಿ ಕೊಟ್ಟು ನೇರ ಮಾಡಿದ್ದು ಕೂದಲಿನೊಳಗಿನ ಹೈಡ್ರೋಜನ್ ಬಂಧದ ಮೇಲೆ ನಿಂತಿರುತ್ತದೆ. ನೀರು ತಾಗಿದರೆ ಅದು ಬಿಡುತ್ತದೆ. ತೇವದ ಗಾಳಿಯಲ್ಲಿ ಕೂದಲು ನೀರು ಹೀರಿ ಉಬ್ಬುತ್ತದೆ, ಹೊರಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಮೊದಲಿನ ಹಾಗೇ. ನನ್ನ ಹೆಂಡತಿ ಚೆನ್ನೈನಲ್ಲಿ ಸಾಕಷ್ಟು ಒದ್ದಾಡಿದ ಮೇಲೆ ಬಿಟ್ಟಳು. ಈಗ ಮಾಡುವುದು: ಕೂದಲು ಹಸಿ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಲ್ಲಿ ಬಿಡಿಸಿ, ಸಿಲಿಕೋನ್ ಸೀರಮ್ ಎರಡು ಹನಿ ಅಂಗೈಗೆ ತಿಕ್ಕಿ ತುದಿಗೆ ಸವರುವುದು, ಒಣಗಿದ ಮೇಲೆ ಬಾಚಣಿಗೆ ಮುಟ್ಟುವುದಿಲ್ಲ. ಗ್ಲಿಸರಿನ್ ಮೊದಲ ಸಾಲಿನಲ್ಲೇ ಬರೆದಿರುವ ಹೇರ್ ಕ್ರೀಮ್ ಬೇಡ, ಅದು ಗಾಳಿಯ ನೀರನ್ನು ಇನ್ನೂ ಎಳೆಯುತ್ತದೆ.

ನನ್ನ ಎಣ್ಣೆಯ ಮಾತನ್ನು ತಿದ್ದಿಕೊಳ್ಳುತ್ತೇನೆ, ಪೆರ್ಲದವರು ಹೇಳಿದ ಕ್ರಮ ಸರಿ.

ಮಡಕಶಿರಾ ಮಣ್ಣು

ಒಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ನಾನು ಕರಾವಳಿಯಲ್ಲಿ ಕೆಲಸಕ್ಕೆ ಇದ್ದಾಗ ತೊಡೆ ಸಂದಿಯಲ್ಲಿ ಹುಳಕಡ್ಡಿ ಆಯಿತು. ಹಸಿ ಪ್ಯಾಂಟು ಹಾಕಿಕೊಂಡು ಓಡಾಡಿದ್ದೇ ಕಾರಣ. ಔಷಧಿ ಅಂಗಡಿಯಲ್ಲಿ ಕೇಳಿದರೆ ಒಂದು ಟ್ಯೂಬು ಕೊಟ್ಟರು. ಎರಡೇ ದಿನಕ್ಕೆ ತುರಿಕೆ ಮಾಯ. ಬಿಟ್ಟ ಕೂಡಲೇ ದುಪ್ಪಟ್ಟಾಗಿ ಹೊಟ್ಟೆಯವರೆಗೂ ಹಬ್ಬಿತು. ಡಾಕ್ಟರು ಟ್ಯೂಬು ನೋಡಿದರೆ ಅದರಲ್ಲಿ ಸ್ಟೆರಾಯ್ಡ್ ಇತ್ತು. ಗುಣವಾಗಲು ನಾಲ್ಕು ತಿಂಗಳು, ಚರ್ಮದ ಮೇಲೆ ಗೆರೆ ಈಗಲೂ ಇದೆ. ಇಂಥ ಮುಲಾಮು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ 2018ರಲ್ಲೇ ಸರ್ಕಾರ ಹೇಳಿದೆ, ಆದರೂ ಕೇಳಿದರೆ ಕೊಡುತ್ತಾರೆ. ದಯವಿಟ್ಟು ಹಚ್ಚಬೇಡಿ.

ಪೆರ್ಲ ನರ್ಸ್

ಇದನ್ನು ಎಲ್ಲರೂ ಓದಿ. ಮಳೆಗಾಲ ಬಂತೆಂದರೆ ಇದೇ ಕತೆ ವಾರಕ್ಕೆ ನಾಲ್ಕು ನೋಡುತ್ತೇನೆ. ಟ್ಯೂಬಿನ ಮೇಲೆ ಕ್ಲೋಬೆಟಾಸೋಲ್, ಬೀಟಾಮೆಥಸೋನ್ ಅಂತ ಇದ್ದರೆ ಅದು ಸ್ಟೆರಾಯ್ಡ್, ಹುಳಕಡ್ಡಿಗೆ ಹಚ್ಚಬಾರದು. ಬೂಷ್ಟು ಕೊಲ್ಲುವ ಕ್ಲೋಟ್ರಿಮಜೋಲ್ ಮಾತ್ರ ಇರುವುದು ಬೇರೆ, ಅದನ್ನು ಕಲೆ ಹೋದ ಮೇಲೂ ಎರಡು ವಾರ ಹಚ್ಚಬೇಕು. ಒಳ ಉಡುಪು ಹತ್ತಿಯದ್ದು, ಎರಡು ಜೊತೆ ಜಾಸ್ತಿ ತನ್ನಿ ಅಕ್ಕ. ಪೂರ್ತಿ ಒಣಗದ್ದನ್ನು ಇಸ್ತ್ರಿ ಹಾಕಿ ಹಾಕಿಕೊಳ್ಳಿ. ಕಾಲ್ಬೆರಳ ಸಂದಿಯನ್ನು ರಾತ್ರಿ ಬಟ್ಟೆಯ ತುದಿಯಲ್ಲಿ ಒಂದೊಂದಾಗಿ ಒರೆಸಿ ಮಲಗಿ, ಕೆಸರುಹುಣ್ಣು ಬರುವುದಿಲ್ಲ.

ನೀರ್ಚಾಲು ಸುರಂಗ

ನಮ್ಮ ಅಜ್ಜಿ ಗದ್ದೆ ಕೆಲಸದ ದಿನಗಳಲ್ಲಿ ಬೆರಳ ಸಂದಿಗೆ ಮದರಂಗಿ ಸೊಪ್ಪು ಅರೆದು ಹಚ್ಚಿ ಮಲಗುತ್ತಿದ್ದರು. ಆ ಕೆಂಪು ಪಾದ ಈಗಲೂ ಕಣ್ಣಿಗೆ ಕಟ್ಟುತ್ತದೆ.

ಸೊಲ್ಲಾಪುರ ಚಾದರು

ಕೊಲ್ಹಾಪುರಿ ಚಪ್ಪಲಿ ಹಾಕಿಕೊಂಡು ಹೋಗಬಹುದಾ?

ಕುಂಬಳೆ ಕಡಲು

ಬೇಡವೇ ಬೇಡ. ಮೂರು ದಿನಕ್ಕೆ ಹಸಿರು ಬೂಷ್ಟು ಹಿಡಿಯುತ್ತದೆ. ರಬ್ಬರ್ ಚಪ್ಪಲಿ ಸಾಕು.

ಜತ್ತದ ಅಕ್ಕ (ಜೂನ್ 6)

ಎಲ್ಲ ಓದಿ ಚೀಲ ಕಟ್ಟಿದೆ. ಹೋದ ಸಲ ಹನ್ನೊಂದು ಬಾಟಲಿ, ಡಬ್ಬಿ ಒಯ್ದಿದ್ದೆ. ಈ ಸಲ ಐದು: ಜೆಲ್ ಮಾಯಿಶ್ಚರೈಸರ್, ಎಸ್‌ಪಿಎಫ್ 30, ಸಣ್ಣ ಶಾಂಪೂ, ಕೀಟೋಕೊನಜೋಲ್, ಮಗಳ ಸೀರಮ್. ಅಡಾಪಲೀನ್ ಅವಳ ಕಾಲೇಜು ಚೀಲದಲ್ಲಿ ಬೇರೆ ಇದೆ. ಮಾಸ್ತರು ಹೇಳಿದ ಹಾಗೆ ಹಾಲಿನ ಪ್ಯಾಕೆಟ್ ಕತ್ತರಿಸಿ ಹಾಕಿ, ಹಿಟ್ಟಿನ ಸ್ಟೀಲ್ ಡಬ್ಬಿಯಲ್ಲಿ ನಿಲ್ಲಿಸಿದ್ದೇನೆ. ಉಳಿದ ಜಾಗದಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ. ತಂಗಿ ಬಯಸಿ ಬಯಸಿ ಕೇಳಿದ್ದಾಳೆ.

ಮುಳ್ಳೇರಿಯ ತೆಂಗು

ಚಟ್ನಿಯ ಡಬ್ಬಿ ಗಟ್ಟಿ ಮುಚ್ಚಿ ಅಕ್ಕ, ಇಲ್ಲಿ ಅದಕ್ಕೂ ತೇವ ಹಿಡಿಯುತ್ತದೆ. ರೊಟ್ಟಿ ಎರಡು ದಿನದಲ್ಲಿ ಮೆತ್ತಗಾಗುತ್ತದೆ, ಬೇಗ ತಿನ್ನಿ.

ಜತ್ತದ ಅಕ್ಕ (ಜುಲೈ 3)

ಊರಿಗೆ ಬಂದೆ. ತಂಗಿ ಚೆನ್ನಾಗಿದ್ದಾಳೆ, ಮಗುವೂ ಚೆನ್ನಾಗಿ ಬೆಳೆಯುತ್ತಿದೆ ಅಂದರು ಡಾಕ್ಟರು.

ಒಂದು ಹನಿಯೂ ಸೋರಲಿಲ್ಲ ಮಾಸ್ತರೇ. ಬೆವರುಸಾಲೆ ಬರಲಿಲ್ಲ. ಮೊದಲ ವಾರ ತಲೆ ಸ್ವಲ್ಪ ತುರಿಸಿತು, ಎರಡು ಸಲ ಆ ಶಾಂಪೂ ಹಾಕಿದೆ, ನಿಂತಿತು. ಸನ್‌ಸ್ಕ್ರೀನ್ ನಾನು ಎರಡೇ ದಿನ ಹಚ್ಚಿದ್ದು, ಮಧೂರು ದೇವಸ್ಥಾನಕ್ಕೆ ಹೋದಾಗ ಮತ್ತು ಕಾಸರಗೋಡು ಪೇಟೆಗೆ ಹೋದಾಗ. ಮಧೂರಿನ ಅಪ್ಪ ಪ್ರಸಾದ ಮಗಳಿಗೆ ಬಹಳ ಇಷ್ಟವಾಯಿತು. ಸ್ಟ್ರೈಟ್ನರ್ ತರದಿದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದಳು, ಆಮೇಲೆ ಗುಂಗುರನ್ನು ಹಾಗೇ ಬಿಟ್ಟಳು. ಅಲ್ಲಿನ ಹುಡುಗಿಯರು ಚಂದ ಉಂಟು ಅಂದರಂತೆ.

ಬೈರಾಸಿನ ಮಾತು ಹೇಳಲೇಬೇಕು. ಮೊದಲ ಸಲ ತಂಗಿಯ ಅತ್ತೆಯೇ ಕೂರಿಸಿ ತೋರಿಸಿದರು. ಒಂದರಲ್ಲಿ ಸುತ್ತಿ ಹಿಂಡಿದರು, ನೆಲದ ಮೇಲೆ ನೀರು ತೊಟಕ್ ತೊಟಕ್. ಎರಡನೆಯದು ಸುತ್ತಿದರು, ಅದೂ ಒದ್ದೆ. ಮೂರನೆಯದು ಬಿಚ್ಚಿದಾಗ ಬರೀ ತಂಪು, ನೀರಿಲ್ಲ. ಆಮೇಲೆ ಫ್ಯಾನಿನ ಕೆಳಗೆ ಕೂರಿಸಿ ನೆತ್ತಿಗೆ ರಾಸ್ನಾದಿ ತಿಕ್ಕಿದರು. ನನ್ನ ಅವ್ವ ಹೋಗಿ ಒಂಬತ್ತು ವರ್ಷ. ಅಷ್ಟು ವರ್ಷದ ಮೇಲೆ 44ರ ನನ್ನ ತಲೆಯನ್ನು ಇನ್ನೊಬ್ಬರು ಒರೆಸಿದರು. ಬರುವಾಗ ಆರು ಬೈರಾಸು ಕಟ್ಟಿಕೊಟ್ಟರು. ಇಲ್ಲಿ ಅವು ಹತ್ತು ನಿಮಿಷಕ್ಕೆ ಒಣಗುತ್ತವೆ.

ತಂಗಿಯ ಗಂಡನ ಮನೆಯವರು ಪುನರ್ಪುಳಿ (ಕೋಕಂ) ಬೀಜದ ತುಪ್ಪವನ್ನೂ ಒಂದು ಉಂಡೆ ಕೊಟ್ಟಿದ್ದಾರೆ, ಹಿಮ್ಮಡಿ ಒಡೆದರೆ ಹಚ್ಚಲಿಕ್ಕೆ. ಗಟ್ಟಿ ಇರುತ್ತದೆ, ಸೋರುವ ಚಿಂತೆಯೇ ಇಲ್ಲ, ಅಂಗೈಯಲ್ಲಿ ತಿಕ್ಕಿದರೆ ಕರಗುತ್ತದೆ.

ಕುಂಬಳೆ ಕಡಲು

ಓದಿ ಕಣ್ಣು ತುಂಬಿತು ಅಕ್ಕ. ಈಗ ನನ್ನದೊಂದು ಪ್ರಶ್ನೆ. ಡಿಸೆಂಬರ್‌ನಲ್ಲಿ ನಾವು ಮನೆಯವರೆಲ್ಲ ಪಂಢರಪುರಕ್ಕೆ ಬರುವವರಿದ್ದೇವೆ, ಹಿಂದೆ ಬರುವಾಗ ಒಂದು ರಾತ್ರಿ ನಿಮ್ಮಲ್ಲಿ. ಹೋದ ಸಲ ಆ ಕಡೆ ಬಂದಾಗ ತುಟಿ ಒಡೆದು ರಕ್ತ ಬಂದಿತ್ತು. ಏನು ತರಲಿ?

ಜತ್ತದ ಅಕ್ಕ

ಒಂದು ರಾತ್ರಿ ಯಾಕೆ, ನಾಲ್ಕು ದಿನ ಇರಬೇಕು. ಏನೂ ತರಬೇಡಿ. ನೀವು ಬಿಟ್ಟು ಬನ್ನಿ ಅಂದ ಆ ಕೋಲ್ಡ್ ಕ್ರೀಮ್ ಡಬ್ಬಿ ಇಲ್ಲೇ ಇದೆ.